ಕ್ರಿಸ್‌ಮಸ್ ಪದ್ಧತಿ: ಒಂದನ್ನು ಹಿಡಿಯಿರಿ, ಬಿಡದೆ ನಡೆಸಿ

ಈ ಸಲದ ಅಂಕಣಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಮನೆಯಲ್ಲಿ ಕ್ರಿಸ್‌ಮಸ್‌ಗೆ ಒಂದು ಪದ್ಧತಿ ಹಾಕಿಕೊಳ್ಳುವುದು ಹೇಗೆ, ಹಿರಿಯರಿಂದ ಬಂದದ್ದನ್ನು ಮಕ್ಕಳ ಕೈಗೆ ದಾಟಿಸುವುದು ಹೇಗೆ? ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಬಳ್ಳಾರಿಯಿಂದ: ಮದುವೆಯಾಗಿ ನಾಲ್ಕು ವರ್ಷ, ಬಾಡಿಗೆ ಮನೆ, ಮೂರು ವರ್ಷದ ಮಗಳು. ಇಷ್ಟು ದಿನ ಹಬ್ಬಕ್ಕೆ ಅತ್ತೆಯವರ ಊರಿಗೆ ಹೋಗಿ ಬರುತ್ತಿದ್ದೆವು. ಇನ್ನು ನಮ್ಮ ಮನೆಯಲ್ಲೇ ಮಾಡಬೇಕು ಅಂತ ಇದೆ. ಮೊಬೈಲು ತೆಗೆದರೆ ನೂರೆಂಟು ಐಡಿಯಾ. ಎಲ್ಲಿಂದ ಶುರು ಮಾಡುವುದು?

ಉತ್ತರ: ಒಂದರಿಂದ. ಮೂರು ವರ್ಷ ಅದೊಂದನ್ನೇ ಬಿಡದೆ ನಡೆಸಿ. ಮೊದಲ ವರ್ಷವೇ ಐದಾರು ಹಮ್ಮಿಕೊಂಡ ಮನೆಗಳಲ್ಲಿ ಮರುವರ್ಷಕ್ಕೆ ಒಂದೂ ಉಳಿದಿರುವುದಿಲ್ಲ. ಪದ್ಧತಿಗೆ ದಿನ ಗೊತ್ತಾಗಿರಬೇಕು, ಅದು ಮನೆಯಲ್ಲಿ ಯಾರ ಕೆಲಸ ಅನ್ನುವುದೂ ಗೊತ್ತಾಗಿರಬೇಕು. "ಟೈಮ್ ಸಿಕ್ಕಾಗ ಎಲ್ಲರೂ ಸೇರಿ ಮಾಡೋಣ" ಅಂದುಕೊಂಡದ್ದು ಯಾರ ಕೈಯಿಂದಲೂ ಆಗುವುದಿಲ್ಲ.

ನಿಮ್ಮಂಥ ಪುಟ್ಟ ಮನೆಗೆ ನಾವು ಹೇಳುವುದು ಆಗಮನ ಕಾಲದ ನಾಲ್ಕು ಮೇಣದಬತ್ತಿ. ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರ ಲೆಕ್ಕ ಹಾಕಿ. 25ನೇ ತಾರೀಕೇ ಭಾನುವಾರ ಬಿದ್ದರೆ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಮೊದಲ ಭಾನುವಾರ ಯಾವಾಗಲೂ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ: 2026ರಲ್ಲಿ ನವೆಂಬರ್ 29, 2027ರಲ್ಲಿ ನವೆಂಬರ್ 28, 2028ರಲ್ಲಿ ಡಿಸೆಂಬರ್ 3. ಮೊದಲ ವಾರ ಒಂದು ಬತ್ತಿ, ಎರಡನೇ ವಾರ ಎರಡು, ಹೀಗೆ ನಾಲ್ಕನೇ ವಾರಕ್ಕೆ ನಾಲ್ಕೂ ಉರಿಯಬೇಕು. ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು. ಗುಲಾಬಿ ಬಣ್ಣದ್ದನ್ನು ಮೂರನೇ ಭಾನುವಾರ ಹಚ್ಚುತ್ತಾರೆ. 24ರ ರಾತ್ರಿ ನಡುವೆ ಒಂದು ಬಿಳಿ ಬತ್ತಿ. ನೇರಳೆ ಬಣ್ಣದ್ದು ಅಂಗಡಿಯಲ್ಲಿ ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ನೇರಳೆ ದಾರ ಸುತ್ತಿದರೂ ನಡೆಯುತ್ತದೆ. ಇದು ಶುರುವಾದದ್ದೇ ಮಕ್ಕಳಿಗಾಗಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಖರ್ನ್ ಅವರು ಗಾಡಿಯ ಗಾಲಿಯ ಮೇಲೆ ಬತ್ತಿ ನಿಲ್ಲಿಸಿ, ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಮಕ್ಕಳಿಗೆ ತೋರಿಸುತ್ತಿದ್ದರು.

ಹಿತ್ತಾಳೆ ಹರಿವಾಣದಲ್ಲಿ ಎರಡು ಬೆರಳು ದಪ್ಪ ಮರಳು ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಬತ್ತಿಗಳನ್ನು ಅದರಲ್ಲಿ ನೆಡಿ. ಒದ್ದೆ ಮರಳು ಬತ್ತಿಯನ್ನು ನೆಟ್ಟಗೆ ಹಿಡಿಯುತ್ತದೆ, ಅಕಸ್ಮಾತ್ ಬಿದ್ದರೆ ಆರಿಸುತ್ತದೆ. ಸುತ್ತಲೂ ಬೇವಿನ ಇಲ್ಲವೇ ಮಾವಿನ ಸೊಪ್ಪು ಇಡಿ, ಜ್ವಾಲೆಯಿಂದ ನಾಲ್ಕು ಬೆರಳು ದೂರದಲ್ಲಿ. ಪ್ರತಿ ಭಾನುವಾರ ಸೊಪ್ಪು ಬದಲಿಸಲೇಬೇಕು, ಒಣಗಿದ ಬೇವಿನೆಲೆಗೆ ಕಿಡಿ ಸಾಕು. ಫ್ಯಾನ್ ಆರಿಸಿ. ಗಾಳಿ ಬೀಸಿದರೆ ಬತ್ತಿ ಒಂದೇ ಮಗ್ಗುಲಲ್ಲಿ ಕರಗಿ ಮೇಣ ಹರಿದುಹೋಗುತ್ತದೆ.

ಬತ್ತಿಯ ಅಳತೆಯಲ್ಲಿ ಬಹಳ ಮಂದಿ ತಪ್ಪುತ್ತಾರೆ. ಎರಡು ಸೆಂ.ಮೀ. ದಪ್ಪದ ಬತ್ತಿ ಗಂಟೆಗೆ ಸುಮಾರು ಎರಡೂವರೆ ಸೆಂ.ಮೀ. ಉರಿಯುತ್ತದೆ. ಭಾನುವಾರಗಳಲ್ಲಿ ಮಾತ್ರ, ತಲಾ 20 ನಿಮಿಷ ಹಚ್ಚಿದರೆ ಮೊದಲ ಬತ್ತಿ ಹಬ್ಬದ ಹೊತ್ತಿಗೆ ಮೂರೂವರೆ ಸೆಂ.ಮೀ.ನಷ್ಟು ಸವೆದಿರುತ್ತದೆ, ಅಷ್ಟೇ. ದಿನವೂ ಊಟಕ್ಕೆ ಕೂತಾಗ ಹಚ್ಚುವ ಆಸೆಯಿದ್ದರೆ ಅದೇ ಬತ್ತಿಗೆ 20 ಸೆಂ.ಮೀ.ಗೂ ಹೆಚ್ಚು ಉದ್ದ ಬೇಕಾಗುತ್ತದೆ. ಆಗ ಐದು ಸೆಂ.ಮೀ. ದಪ್ಪದ್ದನ್ನೇ ತನ್ನಿ.

ಪ್ರತಿ ವಾರ ಬೈಬಲಿನ ಒಂದೇ ಚಿಕ್ಕ ಭಾಗ ಓದಿ: ಯೆಶಾಯ 9:2–7, ಮೀಕ 5:2–5, ಲೂಕ 1:26–38, ಲೂಕ 1:46–55. ಮಗಳ ಕೆಲಸ ಸದ್ಯಕ್ಕೆ ಸೊಪ್ಪು ಜೋಡಿಸುವುದು. ಏಳೆಂಟು ವರ್ಷವಾದಾಗ ಬತ್ತಿ ಹಚ್ಚುವುದು ಅವಳ ಪಾಲಿಗೆ ಬರಲಿ.

ರಾಯಚೂರಿನಿಂದ: ನಮ್ಮ ಮನೆಯಲ್ಲಿ ತಾತನ ಕಾಲದ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ) ಬೊಂಬೆಗಳಿವೆ. ಎರಡರ ಕೈ ಮುರಿದಿದೆ, ಬಣ್ಣ ಉದುರುತ್ತಿದೆ. ಪ್ರತಿ ವರ್ಷ ತೆಗೆದಾಗ ಇನ್ನೊಂದಿಷ್ಟು ಹಾಳಾಗಿರುತ್ತದೆ. ಹೊಸ ಸೆಟ್ ತರೋಣ ಅಂತ ಮಕ್ಕಳು. ಏನು ಮಾಡಲಿ?

ಉತ್ತರ: ದಯವಿಟ್ಟು ಎಸೆಯಬೇಡಿ. ಅವು ರಿಪೇರಿಯಾಗುತ್ತವೆ. ಮೊದಲು ಬೊಂಬೆ ಯಾವುದರದ್ದು ಅಂತ ತಿಳಿಯಿರಿ. ತಳದಲ್ಲಿ ಉಗುರಿನಿಂದ ಕೆರೆದಾಗ ಬಿಳಿ ಪುಡಿ ಬಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಒದ್ದೆ ಬೆರಳಿಗೆ ಮಣ್ಣು ಹತ್ತಿದರೆ ಹಸಿ ಮಣ್ಣಿನದು. ಏನೂ ಹತ್ತದೆ ಕೆಂಪಗೆ ಗಟ್ಟಿಯಾಗಿದ್ದರೆ ಸುಟ್ಟ ಮಣ್ಣಿನದು. ಮೊದಲೆರಡಕ್ಕೆ ನೀರು ತಾಗಿಸಲೇಬಾರದು, ಒದ್ದೆ ಬಟ್ಟೆಯೂ ಬೇಡ. ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ.

ಮುರಿದ ಕೈಗೆ ಫೆವಿಕಾಲ್ ಸಾಕು, ಆದರೆ ಎರಡು ಸಲ ಹಚ್ಚಬೇಕು. ಪ್ಲಾಸ್ಟರ್, ಮಣ್ಣು ಎರಡೂ ಅಂಟನ್ನು ಹೀರಿಕೊಳ್ಳುತ್ತವೆ. ಅದಕ್ಕೇ ಒಂದೇ ಸಲ ಹಚ್ಚಿ ಕೂಡಿಸಿದ ಕೈ ಮರುದಿನ ಕಳಚಿ ಬೀಳುವುದು. ಸಮಪಾಲು ನೀರು ಬೆರೆಸಿದ ಅಂಟನ್ನು ಮುರಿದ ಎರಡೂ ಮುಖಗಳಿಗೆ ಬಳಿದು ಹತ್ತು ನಿಮಿಷ ಬಿಡಿ. ಆಮೇಲೆ ನೀರಿಲ್ಲದ ಅಂಟು ಹಚ್ಚಿ ಕೂಡಿಸಿ. ಒಂದು ಡಬ್ಬಿಯಲ್ಲಿ ಅಕ್ಕಿ ತುಂಬಿ, ಕೂಡಿಸಿದ ಭಾಗ ಅಲುಗದಂತೆ ಬೊಂಬೆಯನ್ನು ಅದರಲ್ಲಿ ಹೂತು 24 ಗಂಟೆ ಇಡಿ. ಸುಟ್ಟ ಮಣ್ಣಿನದಕ್ಕೆ ಅರಾಲ್ಡೈಟ್ ಬೇಕು. ಚಕ್ಕೆ ಎದ್ದ ಜಾಗಕ್ಕೆ ಸೀಮೆಸುಣ್ಣದ ಪುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಉಜ್ಜಿ. ಅಷ್ಟು ಜಾಗಕ್ಕೆ ಮಾತ್ರ ಅಕ್ರಿಲಿಕ್ ಬಣ್ಣ ಹಚ್ಚಿ. ಇಡೀ ಬೊಂಬೆಗೆ ಹೊಸ ಬಣ್ಣ ಬಳಿಯಬೇಡಿ, ಮುಖಕ್ಕಂತೂ ಕುಂಚ ತಾಗಿಸಬೇಡಿ. ಹಳೆಯ ಮುಖ ಒಮ್ಮೆ ಮುಚ್ಚಿಹೋದರೆ ಮತ್ತೆ ಬರುವುದಿಲ್ಲ, ಮೊಮ್ಮಕ್ಕಳು ಗುರುತು ಹಿಡಿಯುವುದು ಆ ಮುಖವನ್ನೇ.

ವರ್ಷ ವರ್ಷ ಹಾಳಾಗುತ್ತಿದೆ ಅಂದರೆ ತಪ್ಪು ಇಡುವ ಜಾಗದಲ್ಲಿದೆ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿನ ಅಟ್ಟ ಕಾದು ಬಣ್ಣ ಚಕ್ಕೆ ಏಳುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮಳೆಗಾಲದ ತೇವ ಒಳಗೇ ಉಳಿದು ಬೂಸು ಹಿಡಿಯುತ್ತದೆ. ಒಂದೊಂದು ಬೊಂಬೆಯನ್ನೂ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ರಟ್ಟಿನ ಇಲ್ಲವೇ ಕಟ್ಟಿಗೆ ಪೆಟ್ಟಿಗೆಯಲ್ಲಿಟ್ಟು, ಮಲಗುವ ಕೋಣೆಯ ಬೀರುವಿನಲ್ಲಿಡಿ. ಪತ್ರಿಕೆಯ ಹಾಳೆ ನೇರವಾಗಿ ಸುತ್ತಬೇಡಿ, ಮಸಿ ಹತ್ತುತ್ತದೆ. ಡಾಂಬರು ಗುಳಿಗೆ ಹಾಕುವುದಾದರೆ ಬಟ್ಟೆಯ ಚೀಲದಲ್ಲಿ ಕಟ್ಟಿ ಒಂದು ಮೂಲೆಯಲ್ಲಿಡಿ, ಬಣ್ಣಕ್ಕೆ ತಾಗಿದರೆ ಬಣ್ಣ ಮೆತ್ತಗಾಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಬೊಂಬೆಗಳ ಪಟ್ಟಿ ಅಂಟಿಸಿ: ಯಾವುದು, ಯಾರು ತಂದದ್ದು, ಯಾವ ವರ್ಷ ಏನು ರಿಪೇರಿ. ಗೊತ್ತಿದ್ದವರು ಇರುವಾಗಲೇ ಇದನ್ನು ಬರೆಸಬೇಕು.

ಗೋದಲಿ ಕಟ್ಟುವುದಕ್ಕೆ ನಮ್ಮ ಕಡೆಯ ಸಾಮಾನೇ ಚೆನ್ನ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸ್ ಮೊದಲ ಗೋದಲಿ ಮಾಡಿದಾಗ ಬಳಸಿದ್ದು ಆ ಊರಿನ ಹುಲ್ಲು, ಎತ್ತು, ಕತ್ತೆಗಳನ್ನೇ. ಮೂರಡಿಗೆ ಎರಡಡಿ ಹಲಗೆಯ ಮೇಲೆ ಜೋಳದ ದಂಟಿನ ಗುಡಿಸಲು ಕಟ್ಟಬಹುದು. ದಂಟು ಹಿಂದಿನ ವರ್ಷದ ಒಣ ಕಣಕಿಯದ್ದಾಗಿರಲಿ. ಹಸಿ ದಂಟಿನಲ್ಲಿ ಸಿಹಿ ಇರುವುದರಿಂದ ಎರಡೇ ದಿನದಲ್ಲಿ ಇರುವೆ ಸಾಲುಗಟ್ಟುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಹೊಸ ಭತ್ತದ ಹುಲ್ಲಾದರೆ ಎರಡು ದಿನ ಬಿಸಿಲಿಗೆ ಹಾಕಿ ತನ್ನಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಬರುತ್ತದೆ.

ಹಸಿರಿಗೆ ಗೋಧಿ ಮೊಳೆಸಿ. ಡಿಸೆಂಬರ್ 13ರ ರಾತ್ರಿ 100 ಗ್ರಾಂ ಗೋಧಿ ನೆನೆಹಾಕಿ. 14ಕ್ಕೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 15ಕ್ಕೆ ಒಂದಡಿ ಉದ್ದ, ಎಂಟು ಇಂಚು ಅಗಲದ ತಟ್ಟೆಯಲ್ಲಿ ಒಂದಿಂಚು ಮಣ್ಣು ಹರಡಿ ಅದರ ಮೇಲೆ ಒಂದೇ ಪದರ ಬಿತ್ತಿ. ಎರಡು ದಿನ ಮುಚ್ಚಿಟ್ಟು ಆಮೇಲೆ ಬೆಳಕಿಗೆ ಇಡಿ. ಹಬ್ಬಕ್ಕೆ ನಾಲ್ಕು ಇಂಚು ಹಸಿರು ಎದ್ದಿರುತ್ತದೆ. ಬಿಳಿ ಬೂಸು ಬಂದರೆ ಕಾಳು ಒಂದರ ಮೇಲೊಂದು ಬಿದ್ದಿವೆ, ಇಲ್ಲವೇ ನೀರು ಬಸಿಯುತ್ತಿಲ್ಲ ಅಂತ ತಿಳಿಯಿರಿ. ತಟ್ಟೆಗೆ ತೂತು ಮಾಡಿ, ನೀರು ಸುರಿಯದೆ ದಿನಕ್ಕೆರಡು ಸಲ ಚಿಮುಕಿಸಿ.

ಮಕ್ಕಳು ಹೊಸ ಸೆಟ್ ಮರೆಯಬೇಕಾದರೆ ಹಳೆಯದರಲ್ಲಿ ಅವರಿಗೂ ಪಾಲು ಕೊಡಿ. 24ರ ರಾತ್ರಿಯವರೆಗೆ ತೊಟ್ಟಿಲು ಬರಿದಾಗಿರಲಿ. ಮನೆಯ ಅತಿ ಚಿಕ್ಕವರು ಬಾಲ ಯೇಸುವನ್ನು ಅದರಲ್ಲಿ ಮಲಗಿಸಲಿ. ಮೂಡಣದ ಮೂವರು ಜ್ಞಾನಿಗಳನ್ನು ಮೊದಲ ದಿನ ಮನೆಯ ಇನ್ನೊಂದು ತುದಿಯ ಕಿಟಕಿಯಲ್ಲಿಟ್ಟು, ದಿನಕ್ಕಿಷ್ಟು ಅಂತ ಮುಂದೆ ಸರಿಸುತ್ತ ಜನವರಿ 6ಕ್ಕೆ ಗೋದಲಿ ಮುಟ್ಟಿಸುವುದು ದೊಡ್ಡ ಮಗುವಿನ ಕೆಲಸ.

ಕೊಪ್ಪಳದಿಂದ: ನಮ್ಮ ಮನೆಯಲ್ಲಿ ಹಳೆಯದು ಏನೂ ಇಲ್ಲ. ಅಂಗಡಿಯ ಪ್ಲಾಸ್ಟಿಕ್ ಸೆಟ್ ಬೇಡ ಅನಿಸಿದೆ. ಕಿನ್ನಾಳದಲ್ಲಿ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು, ಮಾಡಿಸಬೇಕು. ಕಿನ್ನಾಳದ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮೆತ್ತೆಯಿಂದ ಕೂಡಿಸಿ, ಬಣ್ಣ ಹಚ್ಚುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲೆ ಅದು. ಪ್ರಾಣಿ, ಪಕ್ಷಿ, ದೇವತೆಗಳ ಬೊಂಬೆ ಮಾಡಿ ಪಳಗಿದ ಕೈಗಳಿಗೆ ದನ, ಕುರಿ, ಕುರುಬರೇನೂ ಹೊಸದಲ್ಲ.

ಇಡೀ ಸೆಟ್ ಒಟ್ಟಿಗೆ ಕೊಳ್ಳಬೇಡಿ. ಮೊದಲ ವರ್ಷ ಮರಿಯಮ್ಮ, ಯೋಸೇಫ, ಬಾಲ ಯೇಸು. ಎರಡನೇ ವರ್ಷ ಎತ್ತು, ಕತ್ತೆ. ಮುಂದೆ ಕುರುಬರು, ಕುರಿಗಳು, ದೇವದೂತ, ಕೊನೆಗೆ ಮೂವರು ಜ್ಞಾನಿಗಳು. ಐದಾರು ವರ್ಷದಲ್ಲಿ ಸೆಟ್ ತುಂಬುತ್ತದೆ, ಅಷ್ಟರಲ್ಲಿ ಮಕ್ಕಳಿಗೆ ಒಂದೊಂದು ಬೊಂಬೆ ಬಂದ ವರ್ಷವೂ ಬಾಯಿಪಾಠವಾಗಿರುತ್ತದೆ. ಹೀಗೆ ಬಿಡಿಬಿಡಿಯಾಗಿ ಮಾಡಿಸಿದಾಗ ಅಳತೆ ಹೊಂದದೆ ಹೋಗುವುದೇ ದೊಡ್ಡ ತೊಂದರೆ, ಕತ್ತೆಗಿಂತ ಕುರಿ ದೊಡ್ಡದಾಗಿ ಬರುತ್ತದೆ. ಮೊದಲ ದಿನವೇ ಒಂದು ಹಾಳೆಯಲ್ಲಿ ಎಲ್ಲದರ ಎತ್ತರ ಬರೆದಿಡಿ: ನಿಂತ ಮನುಷ್ಯ ಆರು ಇಂಚು, ಮಂಡಿಯೂರಿದವರು ನಾಲ್ಕು, ಮಗು ಎರಡು, ಎತ್ತು ನಾಲ್ಕೂವರೆ, ಕುರಿ ಎರಡೂವರೆ. ಪ್ರತಿ ಸಲ ಆರ್ಡರ್ ಕೊಡುವಾಗ ಆ ಹಾಳೆ ಮತ್ತು ಹಳೆಯ ಒಂದು ಬೊಂಬೆ ಜೊತೆಗೊಯ್ಯಿರಿ. ಆಗಸ್ಟ್ ಒಳಗೆ ಹೇಳಿಬಿಡಿ. ಕೆತ್ತನೆ, ಮೆತ್ತೆ, ಬಣ್ಣ ಒಂದೊಂದೂ ಒಣಗಲು ಹೊತ್ತು ಬೇಕು, ನವೆಂಬರ್‌ನಲ್ಲಿ ಹೋಗಿ ಅವಸರ ಮಾಡಿದರೆ ಕೆಲಸ ಕೆಡುತ್ತದೆ. ಈ ಬೊಂಬೆಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಬಾರದು, ಹುಣಸೆಬೀಜದ ಅಂಟು ನೀರಿಗೆ ಬಿಡುತ್ತದೆ.

ಸಿಂಧನೂರಿನಿಂದ: ಮಕ್ಕಳ ಜೊತೆ ಬಿದಿರಿನ ನಕ್ಷತ್ರ ಮಾಡಲು ಹೋದರೆ ಪ್ರತಿ ಸಲ ಒಂದು ಕಡೆ ಸೊಟ್ಟಗಾಗುತ್ತದೆ. ಕಳೆದ ವರ್ಷ ಬಲ್ಬಿಗೆ ಕಾಗದ ಸುಟ್ಟಿತು.

ಉತ್ತರ: ಸೊಟ್ಟಗಾಗುವುದು ಕಣ್ಣಳತೆಯಲ್ಲಿ ಕಟ್ಟುವುದರಿಂದ. ಮೇದಾರರ ಹತ್ತಿರ 60 ಸೆಂ.ಮೀ. ಉದ್ದದ, ಒಂದೇ ದಪ್ಪದ ಹತ್ತು ದಬ್ಬೆ ಸೀಳಿಸಿಕೊಳ್ಳಿ. ಪ್ರತಿ ದಬ್ಬೆಗೂ ಎರಡು ತುದಿಯಿಂದ 23 ಸೆಂ.ಮೀ.ಗೆ ಗುರುತು ಹಾಕಿ. ಐದು ದಬ್ಬೆ ಕೂಡಿಸಿ ನಕ್ಷತ್ರ ಮಾಡುವಾಗ ದಬ್ಬೆಗಳು ಒಂದನ್ನೊಂದು ದಾಟುವುದು ಸರಿಯಾಗಿ ಆ ಗುರುತುಗಳ ಮೇಲೆ ಬರಬೇಕು. ಬಂದರೆ ಐದು ಮೂಲೆಯೂ ಸಮ. ತುದಿಗಳನ್ನು ಮೊದಲು ಸಡಿಲಾಗಿ ಕಟ್ಟಿ, ಗುರುತು ಹೊಂದಿಸಿ, ಆಮೇಲೆ ಬಿಗಿ ಮಾಡಿ. ಇಂಥವು ಎರಡು ಬೇಕು. ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಜೋಡಿಸಿ ಕಟ್ಟಿ. ನಡುವಿನ ಐದು ದಾಟುಗಳಲ್ಲಿ 12 ಸೆಂ.ಮೀ. ಕಡ್ಡಿಗಳನ್ನು ಅಡ್ಡ ಸಿಕ್ಕಿಸಿದರೆ ನಕ್ಷತ್ರ ಉಬ್ಬಿ ನಿಲ್ಲುತ್ತದೆ.

ಪತಂಗದ ಕಾಗದ ಅಂಟಿಸುವಾಗ ಹಿಂಬದಿಯ ಒಂದು ತ್ರಿಕೋನ ಖಾಲಿ ಬಿಡಿ. ಬಿಸಿ ಹೊರಹೋಗಲೂ ಬಲ್ಬು ಬದಲಿಸಲೂ ಅದೇ ದಾರಿ. ಹಳೆಯ ತಂತಿ ಬಲ್ಬು ಬೇಡವೇ ಬೇಡ, 5 ವ್ಯಾಟಿನ ಎಲ್‌ಇಡಿ ಸಾಕು. ಹೋಲ್ಡರನ್ನು ಮೂರು ಕಡೆಯಿಂದ ದಾರದಲ್ಲಿ ಎಳೆದು ಕಟ್ಟಿದರೆ ಗಾಳಿಗೆ ತೂಗಾಡಿ ಕಾಗದಕ್ಕೆ ತಾಗುವುದಿಲ್ಲ. ವಯರಿಗೆ ನಡುವೆ ಗಂಟು ಹಾಕಿದ ಜೋಡಣೆ ಇರಬಾರದು, ಇಬ್ಬನಿ ಬಿದ್ದರೆ ಶಾಕ್ ಹೊಡೆಯುತ್ತದೆ. ಹಬ್ಬ ಮುಗಿದ ಮೇಲೆ ಕಾಗದ ಪೂರ್ತಿ ಕಿತ್ತು ಹಂದರ ಮಾತ್ರ ಎತ್ತಿಡಿ. ಮೈದಾ ಅಂಟಿನ ವಾಸನೆಗೆ ಜಿರಲೆ, ಇಲಿ ಬರುತ್ತವೆ. ಪ್ರತಿ ವರ್ಷ ಹೊಸ ಕಾಗದದ ಬಣ್ಣ ಆರಿಸುವುದು ಸರದಿಯಂತೆ ಒಂದೊಂದು ಮಗುವಿಗೆ.

ಗಂಗಾವತಿಯಿಂದ: ನಮ್ಮತ್ತೆ ಮಾಡುವ ರೋಸ್ ಕುಕೀಸ್ (ಕಾದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ತಿಂಡಿ) ಮತ್ತು ಕರ್ಚಿಕಾಯಿ ಇಡೀ ಓಣಿಗೆ ಗೊತ್ತು. ಅವರಿಗೀಗ 74. ಕೇಳಿದರೆ "ಕೈಗೆ ಗೊತ್ತಾಗುತ್ತೆ ಕಣವ್ವ" ಅನ್ನುತ್ತಾರೆ. ಬರೆದಿಟ್ಟುಕೊಳ್ಳುವುದು ಹೇಗೆ? ನಾನು ಮಾಡಿದರೆ ಹಿಟ್ಟು ಅಚ್ಚು ಬಿಡುವುದಿಲ್ಲ.

ಉತ್ತರ: ಅವರನ್ನು ಅಳತೆ ಕೇಳಬೇಡಿ, ಡಬ್ಬಿಗಳನ್ನು ತೂಗಿ. ಅಡುಗೆ ಶುರುವಾಗುವ ಮುಂಚೆ ಅಕ್ಕಿಹಿಟ್ಟು, ಮೈದಾ, ಸಕ್ಕರೆ, ಎಳ್ಳು, ತುಪ್ಪ ಎಲ್ಲವನ್ನೂ ಡಬ್ಬಿ ಸಮೇತ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಅವರು ಎಂದಿನಂತೆ ಹಿಡಿ, ಚಿಟಿಕೆ, ಬೊಗಸೆಯಲ್ಲೇ ಹಾಕಲಿ, ನಡುವೆ ಮಾತಾಡಿಸಬೇಡಿ. ಮುಗಿದ ಮೇಲೆ ಮತ್ತೆ ತೂಗಿ, ಕಡಿಮೆಯಾದದ್ದೇ ಅಳತೆ. ಇದೇ ತಿಂಡಿಯನ್ನು ಅವರು ಮೂರು ಸಲ ಮಾಡಿದಾಗಲೂ ತೂಗಿ ಸರಾಸರಿ ತೆಗೆಯಿರಿ. ಒಂದೊಂದು ಸಲ ಹಿಟ್ಟು ಕುಡಿಯುವ ನೀರು ಬೇರೆಯಾಗಿರುತ್ತದೆ. ಜೊತೆಗೆ ಎಣ್ಣೆಯ ಸದ್ದು, ಹಿಟ್ಟಿನ ಹದ, ಬಣ್ಣ ನೋಡಿ "ಇನ್ನು ತೆಗಿ" ಅನ್ನುವ ಗಳಿಗೆ ಇವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ತಕ್ಕಡಿಗೆ ಸಿಗದ ವಿದ್ಯೆ ಅಲ್ಲಿದೆ.

ನಿಮ್ಮತ್ತೆಯ ಅಳತೆ ಸಿಗುವವರೆಗೆ ರೋಸ್ ಕುಕೀಸ್‌ಗೆ ಈ ಅಳತೆ ಹಿಡಿದು ಮಾಡಿ. ನೆನೆಸಿ, ನೆರಳಲ್ಲಿ ಆರಿಸಿ ಬೀಸಿದ ಅಕ್ಕಿಹಿಟ್ಟು 250 ಗ್ರಾಂ, ಮೈದಾ 125 ಗ್ರಾಂ, ಸಕ್ಕರೆ ಪುಡಿ 150 ಗ್ರಾಂ, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಎಳ್ಳು, ನಾಲ್ಕು ಏಲಕ್ಕಿ, ಕಾಲು ಚಮಚ ಉಪ್ಪು, ತೆಂಗಿನಹಾಲು ಸುಮಾರು 400 ಮಿ.ಲೀ. ಕೊನೆಯ 50 ಮಿ.ಲೀ. ಹಾಲನ್ನು ಹದ ನೋಡಿ ಹಾಕಿ. ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿ ನಿಲ್ಲಬೇಕು. ಅರ್ಧ ಗಂಟೆ ಬಿಡಿ. ಸುಮಾರು 50 ಆಗುತ್ತವೆ.

ಅಚ್ಚು ಬಿಡದಿರುವುದಕ್ಕೆ ಕಾರಣ ಮೂರು. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಕಾದ ಎಣ್ಣೆಯಲ್ಲಿ ಹತ್ತು ನಿಮಿಷ ಬಿಡಬೇಕು. ಸೋಪು ಹಚ್ಚಿ ತಿಕ್ಕಿದ ಅಚ್ಚು ಪ್ರತಿ ಸಲ ಹೊಸದೇ, ಹಾಗಾಗಿ ಬಳಸಿದ ಮೇಲೆ ಒರೆಸಿಡಿ, ತೊಳೆಯಬೇಡಿ. ಎರಡನೆಯದು, ಹಿಟ್ಟಿನಲ್ಲಿ ಅಚ್ಚನ್ನು ಮುಕ್ಕಾಲು ಎತ್ತರದಷ್ಟೇ ಅದ್ದಬೇಕು. ಮೇಲ್ಭಾಗಕ್ಕೂ ಹಿಟ್ಟು ಹತ್ತಿದರೆ ಅದು ಅಚ್ಚನ್ನೇ ಕಚ್ಚಿಕೊಂಡು ಬಿಡುತ್ತದೆ. ಮೂರನೆಯದು ಅಚ್ಚಿನ ಬಿಸಿ. ತಣ್ಣಗಿದ್ದರೆ ಹಿಟ್ಟು ಜಾರಿಹೋಗುತ್ತದೆ, ವಿಪರೀತ ಕಾದಿದ್ದರೆ ಚುಂಯ್ ಅಂದು ಹಿಟ್ಟು ಹಿಡಿಯುವುದೇ ಇಲ್ಲ. ಅದ್ದುವ ಮುಂಚೆ ಅಚ್ಚಿನ ಎಣ್ಣೆ ಬಸಿದುಹೋಗಲಿ. ಹತ್ತಾದ ಮೇಲೆ ಹಿಟ್ಟನ್ನು ತಳದಿಂದ ತಿರುವಿ, ಎಳ್ಳು ಅಕ್ಕಿಹಿಟ್ಟು ಕೆಳಗೆ ಕೂತಿರುತ್ತದೆ.

ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿ ಬಿಡುವುದು ಅಂಚಿನಲ್ಲಿ ಹೂರಣದ ಪುಡಿ ಸಿಕ್ಕಿಕೊಂಡಾಗ, ಇಲ್ಲವೇ ಲಟ್ಟಿಸಿಟ್ಟ ಹಾಳೆ ಒಣಗಿದಾಗ. ನಾಲ್ಕೈದೇ ಲಟ್ಟಿಸಿ ತುಂಬಿ, ಮುಗಿದವನ್ನು ಒದ್ದೆ ಬಟ್ಟೆಯಡಿ ಇಡಿ. ಒಂದು ಬಾಯಿ ಬಿಟ್ಟರೂ ಹೂರಣ ಎಣ್ಣೆಗೆ ಬಿದ್ದು ಕರಕಲಾಗುತ್ತದೆ. ಆಗ ಎಣ್ಣೆ ಸೋಸಿಯೇ ಮುಂದಿನದು ಹಾಕಬೇಕು.

ಮಾನ್ವಿಯಿಂದ: ಕುಕ್ಕರಿನಲ್ಲಿ ಹಣ್ಣಿನ ಕೇಕ್ ಮಾಡಿದರೆ ಒಣಹಣ್ಣೆಲ್ಲ ತಳಕ್ಕೆ ಇಳಿಯುತ್ತದೆ. ನಾವು ಮದ್ಯ ಬಳಸುವುದಿಲ್ಲ.

ಉತ್ತರ: ಕಿತ್ತಳೆ ರಸದಲ್ಲಿ ನೆನೆಹಾಕಿ, ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಬಳಸಿ. ಮದ್ಯದಲ್ಲಿಟ್ಟಂತೆ ತಿಂಗಳುಗಟ್ಟಲೆ ಇಟ್ಟರೆ ರಸ ಹುಳಿಯುತ್ತದೆ. ನೆನೆದ ಹಣ್ಣನ್ನು ಪೂರ್ತಿ ಬಸಿದು, ಒಂದು ಚಮಚ ಮೈದಾದಲ್ಲಿ ಹೊರಳಿಸಿ ಕೊನೆಯಲ್ಲಿ ಸೇರಿಸಿ. ಕೇಕಿನ ಹಿಟ್ಟು ಸೌಟಿನಿಂದ ಧಾರೆಯಾಗಿ ಇಳಿಯುತ್ತಿದ್ದರೆ ತೆಳುವಾಯಿತು, ದಪ್ಪಗೆ ತುಂಡು ತುಂಡಾಗಿ ಬೀಳಬೇಕು. ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಒಂದಿಂಚು ಉಪ್ಪು ಹಾಕಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಸಣ್ಣ ಉರಿಯಲ್ಲಿ 50 ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದರೆ ನಡುವೆ ಕುಸಿಯುತ್ತದೆ.

ರಾಯಚೂರಿನಿಂದ: ನಾನು ಲಿಂಗಾಯತ ಮನೆಯಿಂದ ಬಂದವಳು, ಮನೆಯವರು ಮೆಥೋಡಿಸ್ಟ್ ಸಭೆಯವರು. ಅಕ್ಕಪಕ್ಕದಲ್ಲಿ ಎಲ್ಲ ತರದ ಜನ ಇದ್ದಾರೆ. ಹಬ್ಬದ ತಟ್ಟೆ ಹಂಚುವ ಪದ್ಧತಿ ಹೇಗಿರಬೇಕು?

ಉತ್ತರ: ತಟ್ಟೆಯಲ್ಲಿ ಮೊಟ್ಟೆ ಹಾಕಿದ್ದನ್ನೂ ಹಾಕದ್ದನ್ನೂ ಬೆರೆಸಬೇಡಿ. ತವರಿನವರಿಗೂ ಸಸ್ಯಾಹಾರಿ ನೆರೆಯವರಿಗೂ ಕರ್ಚಿಕಾಯಿ, ಚಕ್ಕುಲಿ, ಶೇಂಗಾ ಉಂಡೆ, ಬಾಳೆಹಣ್ಣು ಸಾಕು. ರೋಸ್ ಕುಕೀಸನ್ನು ಮೊಟ್ಟೆ ಬಿಟ್ಟು ಮಾಡಿ, ಅದರ ಬದಲು ಮೂರು ದೊಡ್ಡ ಚಮಚ ತೆಂಗಿನಹಾಲು ಹೆಚ್ಚು ಹಾಕಿದರೆ ಆಯಿತು. ಮುಸ್ಲಿಂ ಮನೆಗಳಿಗೆ ಕೊಡುವ ಕೇಕಿನಲ್ಲಿ ಮದ್ಯ ಇರಬಾರದು, ಕರಿಯಲು ಬೇರೆ ಎಣ್ಣೆ ಇಡಿ. ಎಲ್ಲಕ್ಕಿಂತ ಮುಖ್ಯ, "ಇದರಲ್ಲಿ ಮೊಟ್ಟೆ ಇಲ್ಲ ಅಕ್ಕ" ಅಂತ ಕೊಡುವಾಗಲೇ ಬಾಯಿಬಿಟ್ಟು ಹೇಳಿ. ಕೇಳಲು ಸಂಕೋಚಪಟ್ಟವರು ತಿನ್ನದೆ ಎತ್ತಿಡುತ್ತಾರೆ. 24ರ ಸಂಜೆ ಹಂಚುವುದು ಒಳ್ಳೆಯದು, 25ರ ಬೆಳಿಗ್ಗೆ ಆರಾಧನೆಯ ಗಡಿಬಿಡಿ. ತಟ್ಟೆ ಒಯ್ಯುವುದು ಮಕ್ಕಳ ಕೆಲಸ, ದೊಡ್ಡವರು ಹಿಂದೆ ನಿಲ್ಲಲಿ. ಯುಗಾದಿ, ರಂಜಾನ್‌ಗೆ ಆ ಮನೆಗಳಿಂದ ಬಂದ ತಟ್ಟೆಯನ್ನು ಬರಿದಾಗಿ ಕಳಿಸದೆ ಇರುವುದೂ ಈ ಪದ್ಧತಿಯ ಅರ್ಧ ಭಾಗ.

ಸಿರುಗುಪ್ಪದಿಂದ: ಮಕ್ಕಳಿಗೆ ಕ್ರಿಸ್‌ಮಸ್ ಅಂದರೆ ಗಿಫ್ಟ್ ಮಾತ್ರ ಅನ್ನುವಂತಾಗಿದೆ. ಕೊಡುವುದನ್ನು ಕಲಿಸುವ ಪದ್ಧತಿ ಯಾವುದಾದರೂ ಇದೆಯೇ?

ಉತ್ತರ: ಹಿಡಿ ಅಕ್ಕಿ. ಆಗಮನ ಕಾಲದ ಮೊದಲ ಭಾನುವಾರದಿಂದ, ಅನ್ನಕ್ಕಿಡುವ ಪ್ರತಿ ಸಲ ಅಳೆದ ಅಕ್ಕಿಯಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ಚೀಲದಿಂದ ಹೆಚ್ಚಿಗೆ ತೆಗೆದು ಹಾಕಿದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ, ನಮ್ಮ ಪಾಲಿನಿಂದಲೇ ಹೋಗಬೇಕು. ದೊಡ್ಡವರ ಒಂದು ಹಿಡಿ ಸುಮಾರು 45 ಗ್ರಾಂ. ದಿನಕ್ಕೆರಡು ಸಲದಂತೆ 26 ದಿನಕ್ಕೆ ಹೆಚ್ಚುಕಡಿಮೆ 2 ಕಿಲೋ 300 ಗ್ರಾಂ ಆಗುತ್ತದೆ. ರೊಟ್ಟಿಯ ಮನೆಯಾದರೆ ಜೋಳದ ಕಾಳು ಹಾಕಿ. ಹಿಟ್ಟು ಬೇಡ, ಇಟ್ಟರೆ ಕಹಿಯಾಗುತ್ತದೆ. ಡಬ್ಬಿ ಸ್ಟೀಲಿನದಾಗಿರಲಿ, ಚೆನ್ನಾಗಿ ಒಣಗಿದ ಬೇವಿನೆಲೆ ನಾಲ್ಕು ಹಾಕಿದರೆ ನುಸಿ ಬರುವುದಿಲ್ಲ. ನಾಲ್ಕನೇ ಭಾನುವಾರ ಅದನ್ನು ಯಾರಿಗೆ ಕೊಡುವುದು ಅಂತ ಮಕ್ಕಳೇ ಹೇಳಲಿ. ಕೊಡುವಾಗ ಫೋಟೊ ತೆಗೆಯಬೇಡಿ, ಪಡೆದವರ ಮನಸ್ಸು ನೋಯುತ್ತದೆ. ಗಿಫ್ಟ್ ನಿಲ್ಲಿಸಬೇಕಾಗಿಲ್ಲ, ತಲೆಗೊಂದಕ್ಕೆ ಇಳಿಸಿ.

ಲಿಂಗಸುಗೂರಿನಿಂದ: ಒಬ್ಬ ಮಗ ಹೈದರಾಬಾದ್, ಮಗಳು ಬೆಂಗಳೂರು. ಎರಡು ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುತ್ತಾರೆ. ಮನೆತನದ ಹಳೆಯ ಬೈಬಲ್, ಗೋದಲಿ ಪೆಟ್ಟಿಗೆ ನನ್ನ ಹತ್ತಿರ ಇವೆ. ಮುಂದೆ ಏನಾಗಬೇಕು?

ಉತ್ತರ: ದೂರ ಇದ್ದರೂ ಒಂದು ಗಳಿಗೆ ಒಂದೇ ಆಗಿರಲಿ. 24ರ ರಾತ್ರಿ ಎಂಟಕ್ಕೆ ವಿಡಿಯೊ ಕರೆ ಮಾಡಿ ಲೂಕ 2:1–20 ಓದಿ. ಬೆತ್ಲೆಹೇಮಿನ ಪ್ರಯಾಣ 1ರಿಂದ 7 ಒಂದು ಮನೆ, ಕುರುಬರಿಗೆ ದೇವದೂತ ಕಾಣಿಸಿದ್ದು 8ರಿಂದ 14 ಇನ್ನೊಂದು, ಉಳಿದದ್ದು ನೀವು. ಐದು ನಿಮಿಷದೊಳಗೆ ಮುಗಿಯುವುದರಿಂದ ಮೊಮ್ಮಕ್ಕಳಿಗೂ ಬೇಸರವಾಗದು. ಹಾಡನ್ನು ಮಾತ್ರ ಮೂರೂ ಮನೆ ಒಟ್ಟಿಗೆ ಹಾಡಬೇಡಿ. ಕರೆಯಲ್ಲಿ ದನಿ ತಡವಾಗಿ ತಲುಪಿ ತಾಳ ತಪ್ಪುತ್ತದೆ. ಒಂದು ಮನೆ ಹಾಡಲಿ, ಉಳಿದವರು ಮೈಕು ಮುಚ್ಚಿ ದನಿಗೂಡಿಸಲಿ.

ಕನ್ನಡ ಬೈಬಲಿಗೂ ನಮ್ಮ ಸೀಮೆಗೂ ಹಳೆಯ ನಂಟು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರು. ನಿಮ್ಮ ಮನೆಯ ಪ್ರತಿಯ ಮೊದಲ ಪುಟಗಳಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣದ ದಾಖಲೆ ಇದ್ದರೆ ಮನೆತನಕ್ಕೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಬಿಡಿ ಹಾಳೆಗಳನ್ನು ಬಿಳಿ ಕಾಗದದ ಮಡಿಕೆಯಲ್ಲಿಟ್ಟು ಬೈಬಲಿನ ಪಕ್ಕದಲ್ಲಿಡಿ. ಹೊಸ ಹೆಸರು ಸೇರಿಸುವಾಗ ಮೆತ್ತನೆ ಪೆನ್ಸಿಲ್ ಬಳಸಿ. ಜೆಲ್ ಪೆನ್ನು ನೀರು ತಾಗಿದರೆ ಹರಡುತ್ತದೆ, ಸ್ಕೆಚ್ ಪೆನ್ನು ಹಿಂಬದಿಗೆ ಇಳಿಯುತ್ತದೆ. ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಆ ಪುಟಗಳ ಫೋಟೊ ತೆಗೆದು ಇಬ್ಬರಿಗೂ ಕಳಿಸಿ.

ಪೆಟ್ಟಿಗೆ ಯಾರಿಗೆ ಅನ್ನುವುದನ್ನು ನೀವು ಇರುವಾಗಲೇ ಇಬ್ಬರನ್ನೂ ಕೂರಿಸಿಕೊಂಡು ತೀರ್ಮಾನಿಸಿ. ಬೊಂಬೆಗಳನ್ನು ಅರ್ಧರ್ಧ ಹಂಚಬೇಡಿ, ಎರಡು ಮನೆಯಲ್ಲೂ ಗೋದಲಿ ಅಪೂರ್ಣವಾಗುತ್ತದೆ. ಸೆಟ್ ಒಬ್ಬರಿಗೆ, ಬೈಬಲ್ ಒಬ್ಬರಿಗೆ ಆಗಬಹುದು. ಇಲ್ಲವೇ ಪೆಟ್ಟಿಗೆ ವರ್ಷಕ್ಕೊಂದು ಮನೆ ತಿರುಗಲಿ. ಹಾಗಾದರೆ ಜನವರಿ 6 ಕಳೆದ ಮೊದಲ ಭೇಟಿಯಲ್ಲೇ ಕೈ ಬದಲಾಗಬೇಕು, ನವೆಂಬರ್‌ವರೆಗೆ ಬಿಟ್ಟರೆ ತಲುಪುವುದಿಲ್ಲ. ರಾತ್ರಿ ಬಸ್ಸಿನ ಡಿಕ್ಕಿಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡೇ ಒಯ್ಯಲಿ. ಬಾಲ ಯೇಸುವಿನ ಬೊಂಬೆ ಎಲ್ಲಕ್ಕಿಂತ ಚಿಕ್ಕದು, ಹುಲ್ಲಿನ ಜೊತೆ ಕಸಕ್ಕೆ ಹೋಗುವುದು ಅದೇ. ಅದನ್ನು ಬೇರೆ ಡಬ್ಬಿಯಲ್ಲಿಟ್ಟು, ಮುಚ್ಚಳದ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರೆಯಿರಿ.